ಏಳು ಅಂಗಿ, ಮೂರು ಪ್ಯಾಂಟು, ಒಂದು ಮಳೆಗಾಲ

(ಕಾರವಾರದಲ್ಲಿ, ಕೆಲಸ ಬದಲಿಸಲು ಹೊರಟವರ ಎದುರು ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಶಾಲೆ ಬಿಟ್ಟು ವಿಮಾ ಕ್ಷೇತ್ರಕ್ಕೆ ಹೋಗುವವರಿದ್ದಾರೆ. ನೌಕಾನೆಲೆಯ ಸಮವಸ್ತ್ರ ಕಳಚಿ ಖಾಸಗಿ ಕಂಪನಿ ಸೇರುವವರಿದ್ದಾರೆ. ಗಲ್ಫಿನಿಂದ ಭಟ್ಕಳಕ್ಕೆ ಮರಳಿ ಸ್ವಂತ ವ್ಯವಹಾರಕ್ಕೆ ಕೈಹಾಕಿದವರು, ಬೆಂಗಳೂರಿನ ಕಂಪ್ಯೂಟರ್ ಕೆಲಸ ಬಿಟ್ಟು ಶಿರಸಿಯ ಸಹಕಾರಿ ಸಂಘದಲ್ಲಿ ಕುರ್ಚಿ ಹಿಡಿದವರು ಕೂಡ ಇದ್ದಾರೆ. ಎಲ್ಲರೂ ಕೇಳುವುದು ಒಂದನ್ನೇ: ಏನೇನು ಕೊಳ್ಳಬೇಕು? ಅದಕ್ಕೆ ಉತ್ತರ ಹೇಳುವ ಮೊದಲು ನನ್ನದೊಂದು ಪ್ರಶ್ನೆ. ಆರಿದ್ರಾ ಮಳೆ ಹಿಡಿದು ಕೂತಾಗ ನಿಮ್ಮ ಮನೆಯಲ್ಲಿ ಒಂದು ಕಾಟನ್ ಅಂಗಿ ಒಣಗಲು ಎಷ್ಟು ದಿನ ಬೇಕು?

ನಗಬೇಡಿ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ಬರೆದ ಪಟ್ಟಿಗಳು ‘ಐದು ಅಂಗಿ, ಎರಡು ಪ್ಯಾಂಟು, ಒಂದು ಬ್ಲೇಝರ್ ಸಾಕು’ ಎನ್ನುತ್ತವೆ. ಆ ಲೆಕ್ಕದ ಹಿಂದೆ ಬೆಳಗ್ಗೆ ಒಗೆದದ್ದು ಸಂಜೆಗೆ ಒಣಗುತ್ತದೆ ಎಂಬ ನಂಬಿಕೆ ಇದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನಂಬಿಕೆ ನಡೆಯುವುದಿಲ್ಲ. ಇಲ್ಲಿ ಎಷ್ಟು ಬಟ್ಟೆ ಬೇಕು ಎಂದು ಹೇಳುವುದು ಫ್ಯಾಷನ್ ಅಲ್ಲ, ಹಗ್ಗ.

ಲೆಕ್ಕ ಹೀಗೆ. ಒಂದು ಅಂಗಿಯ ಸುತ್ತು ಎಷ್ಟು ದಿನದ್ದು ನೋಡಿ. ತೊಟ್ಟ ದಿನ ಒಂದು. ದಿನ ಬಿಟ್ಟು ದಿನ ಒಗೆಯುವ ಮನೆಯಾದರೆ ಬುಟ್ಟಿಯಲ್ಲಿ ಒಂದು ದಿನ. ಮಳೆಗಾಲದಲ್ಲಿ ಹಗ್ಗದ ಮೇಲೆ ಮೂರು ದಿನ. ಇಸ್ತ್ರಿಗೆ ಒಂದು ದಿನ. ಒಟ್ಟು ಆರು. ಅಂದರೆ ದಿನಕ್ಕೊಂದು ಅಂಗಿ ಬೇಕಾದವರಿಗೆ ಆರು ಬೇಕೇಬೇಕು. ಊಟದಲ್ಲಿ ಸಾರು ಚೆಲ್ಲಿದರೆ, ಬಸ್ಸು ಕೆಸರು ಹಾರಿಸಿದರೆ ಎಂದು ಇನ್ನೊಂದು. ಏಳು. ಅದೇ ಫೆಬ್ರವರಿಯಲ್ಲಿ ತೊಟ್ಟದ್ದು, ಬುಟ್ಟಿ, ಒಗೆದು ಒಣಗಿಸಿ ಅದೇ ಸಂಜೆ ಇಸ್ತ್ರಿ: ಮೂರು ದಿನದ ಸುತ್ತು. ನಾಲ್ಕೇ ಅಂಗಿಯಲ್ಲಿ ಕಳೆಯಬಹುದು. ಹಾಗಾಗಿ ನಾಲ್ಕು ಅಂಗಿ ಹತ್ತಿ ಹೆಚ್ಚಿರುವವು, ವರ್ಷವಿಡೀ ನಡೆಯುವವು. ಮೂರು ಅಂಗಿ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತದ್ದು, ಮಳೆಗಾಲಕ್ಕೆಂದೇ. ಹತ್ತಿ ತನ್ನ ತೂಕದ ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಶೇ ಅರ್ಧವನ್ನೂ ಹಿಡಿಯುವುದಿಲ್ಲ. ಅದಕ್ಕೇ ಟೆರಿಕಾಟ್ ರಾತ್ರಿ ಫ್ಯಾನಿನಡಿ ಹಾಕಿದರೆ ಬೆಳಗ್ಗೆ ಸಿಗುತ್ತದೆ. ಆದರೆ ಬೆವರಿನ ಜಿಡ್ಡು ಅದರ ಎಳೆಗೆ ಅಂಟಿಕೊಂಡು ಕೂರುತ್ತದೆ. ಎರಡನೆಯ ದಿನ ತೊಟ್ಟರೆ ಪಕ್ಕದವರಿಗೆ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಮುಟ್ಟಬೇಡಿ.

ಒಣಗಿಸುವ ಜಾಗದ ಬಗ್ಗೆ ಒಂದು ಮಾತು. ಘಟ್ಟದ ಮೇಲಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ರೂಢಿ. ಮನೆಬಟ್ಟೆಗೆ ಅಡ್ಡಿಯಿಲ್ಲ. ಕಚೇರಿಯ ಬಟ್ಟೆ ಬೇಡ. ಹೊಗೆವಾಸನೆ ನಮ್ಮ ಮೂಗಿಗೆ ಹೊಂದಿಕೊಂಡಿರುತ್ತದೆ, ಏಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎದುರು ಕೂತ ಅಧಿಕಾರಿಯ ಮೂಗಿಗಲ್ಲ. ಇನ್ನು ಅರೆ ಒಣಗಿದ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ‘ಒಣಗಿತು’ ಎಂದು ಮಡಚಿಡುವವರು ಬಹಳ. ಕಾಲರಿನ ಒಳಗೆ, ಗುಂಡಿಪಟ್ಟಿಯ ಒಳಗೆ ತೇವ ಹಾಗೇ ಉಳಿದಿರುತ್ತದೆ. ಆ ಮುಗ್ಗು ವಾಸನೆ ಹುಟ್ಟುವುದೇ ಅಲ್ಲಿ. ಇಸ್ತ್ರಿ ಆದಮೇಲೆ ಅರ್ಧ ಗಂಟೆ ಹ್ಯಾಂಗರಿನಲ್ಲಿ ಹೊರಗೆ ಬಿಟ್ಟು, ಕಾಲರನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ಒಣಗಿಲ್ಲ.

ಈಗ ಬಣ್ಣ. ಮೊದಲು ಎರಡು ಬಣ್ಣಗಳ ಮೋಹ ಬಿಡಿ: ಕಡುಕಪ್ಪು ಪ್ಯಾಂಟು, ಅಚ್ಚಬಿಳಿ ಅಂಗಿ. ಬ್ಯಾಂಕಿಗೆ, ವಕೀಲಿಕೆಗೆ ಬೇಕೇಬೇಕಾದರೆ ಬೇರೆ ಮಾತು. ಕಪ್ಪು ಪ್ಯಾಂಟಿನ ಮೇಲೆ ನಮ್ಮ ಜಂಬಿಟ್ಟಿಗೆ ಧೂಳು ದೂರದಿಂದಲೇ ಕಾಣುತ್ತದೆ. ಸೊಂಟದ ಹಿಂದೆ ಬೆವರಿನ ಉಪ್ಪು ಒಣಗಿ ಬಿಳಿ ಗೆರೆ ಮೂಡುತ್ತದೆ. ಬಿಳಿ ಅಂಗಿಯ ತೊಂದರೆ ನೀರಿನದು. ಬಾವಿನೀರಿನಲ್ಲಿ ಕಬ್ಬಿಣದಂಶ ಇರುವ ಕಡೆ ಬಿಳಿ ಬಟ್ಟೆ ನಾಲ್ಕಾರು ತಿಂಗಳಲ್ಲಿ ಕೆನೆಬಣ್ಣಕ್ಕೆ ತಿರುಗುತ್ತದೆ. ಆಗ ಬೆಳ್ಳಗಾಗಲೆಂದು ಕ್ಲೋರಿನ್ ಬ್ಲೀಚ್ ಹಾಕುತ್ತಾರೆ. ಬ್ಲೀಚು ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಎಳೆಯ ಮೇಲೆ ಕೂರಿಸುತ್ತದೆ, ಇನ್ನಷ್ಟು ಹಳದಿ. ಕಂಕುಳಿನ ಹಳದಿ ಕಲೆಗೂ ಬ್ಲೀಚ್ ಮದ್ದಲ್ಲ. ಅದು ಬೆವರು ಮತ್ತು ಬೆವರು ತಡೆಯುವ ರೋಲ್‌ಆನ್‌ನ ಅಲ್ಯೂಮಿನಿಯಂ ಸೇರಿ ಆದದ್ದು. ಒಗೆಯುವ ಮೊದಲು ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿದರೆ ಹೊಸ ಕಲೆ ಸಡಿಲುತ್ತದೆ. ವರ್ಷದ ಹಿಂದಿನದು ಹೋಗದು.

ಹಾಗಾದರೆ ಏನು? ಮೂರು ಪ್ಯಾಂಟು: ಗಾಢ ಬೂದು, ನೇವಿ ನೀಲಿ, ಒಂದು ಖಾಕಿಗಿಂತ ತುಸು ಗಾಢವಾದ ಕಂದು. ಏಳು ಅಂಗಿಯಲ್ಲಿ ಮೂರು ತಿಳಿನೀಲಿ, ಎರಡು ಕೆನೆ ಅಥವಾ ಮಾಸಲು ಬಿಳಿ, ಒಂದು ಸಣ್ಣ ಗೀಟಿನದು, ಒಂದು ಸಣ್ಣ ಚೌಕಳಿ. ಎಲ್ಲ ಅಂಗಿಯೂ ಎಲ್ಲ ಪ್ಯಾಂಟಿಗೂ ಹೊಂದಿದರೆ ಇಪ್ಪತ್ತೊಂದು ಜೋಡಿ. ಹೊಂದುತ್ತದೆಯೋ ಇಲ್ಲವೋ ಎಂದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನಿಸಬೇಡಿ. ಆ ಬೆಳಕಿನಲ್ಲಿ ನೇವಿಯೂ ಕಪ್ಪೂ ಒಂದೇ. ಥಾನಿನ ತುದಿಯನ್ನು ಬಾಗಿಲಿಗೆ ತಂದು ನೋಡಿ. ಹಳೆಯ ಅಂಗಡಿಯವರು ತಾವಾಗಿಯೇ ಹೊರಗೆ ತಂದು ತೋರಿಸುತ್ತಾರೆ. ಕೊಳ್ಳುವ ಯಾವ ಹೊಸ ಬಟ್ಟೆಯೂ ಮನೆಯಲ್ಲಿರುವ ಕನಿಷ್ಠ ಮೂರು ಬಟ್ಟೆಗೆ ಹೊಂದಬೇಕು. ಒಂದಕ್ಕೆ ಮಾತ್ರ ಹೊಂದುವುದಾದರೆ, ಅದು ಎಷ್ಟೇ ಚೆಂದವಿರಲಿ, ಮದುವೆಮನೆಗೆ ಸರಿ.

ಪ್ಯಾಂಟಿನ ಬಟ್ಟೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತದ್ದು, ಸಾಮಾನ್ಯವಾಗಿ 65ಕ್ಕೆ 35. ಅಂಗಡಿಯಲ್ಲಿ ಟೆರಿವಿಸ್ಕೋಸ್ ಎಂದು ಕೇಳಿ. ಒಣಗುತ್ತದೆ, ಗೆರೆ ನಿಲ್ಲುತ್ತದೆ, ಬಸ್ಸಿನಲ್ಲಿ ಮೂರು ಗಂಟೆ ಕೂತೆದ್ದರೂ ಮುದುಡುವುದಿಲ್ಲ. ಇದಕ್ಕೆ ಶತ್ರು ಇಸ್ತ್ರಿಪೆಟ್ಟಿಗೆ. ಕಾಟನ್‌ಗೆ ಇಡುವ ಕಾವಿನಲ್ಲಿ ನೇರವಾಗಿ ಮೇಲ್ಮೈಗೆ ಒತ್ತಿದರೆ ಪಾಲಿಯೆಸ್ಟರ್ ಎಳೆ ಚಪ್ಪಟೆಯಾಗಿ ಕರಗಿ ತೊಡೆಯ ಮೇಲೆ, ಜೇಬಿನ ಅಂಚಿನಲ್ಲಿ ಹೊಳಪು ಬರುತ್ತದೆ. ಬಂದ ಹೊಳಪು ತೆಗೆಯಲು ಯಾರಿಂದಲೂ ಆಗದು. ಒಳಮೈ ಹೊರಗೆ ಮಾಡಿ ಒತ್ತಿ, ಇಲ್ಲವೇ ಮೇಲೆ ಒದ್ದೆ ಮಲ್ಲಿನ ತುಂಡು ಹಾಸಿ. ಇದ್ದಿಲ ಇಸ್ತ್ರಿಯವರಿಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಲಿನನ್ ಚೆನ್ನ, ಆದರೆ ಕೂತೆದ್ದರೆ ಸಾಕು, ಮುದ್ದೆ. ಹೊಸ ಕೆಲಸದ ಮೊದಲ ಆರು ತಿಂಗಳು ಅದರ ಉಸಾಬರಿ ಬೇಡ.

ಟೇಲರ್ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಕಾಸಿಗೆ ತಕ್ಕ ಕೆಲಸ ಸಿಗುವುದು ಇಲ್ಲೇ, ಹಾಳಾಗುವುದೂ ಇಲ್ಲೇ. ದೊಡ್ಡ ಹೆಸರಿನ ಸಿದ್ಧ ಅಂಗಿ ಭುಜದಲ್ಲಿ ಅರ್ಧ ಇಂಚು ಜೋತಿದ್ದರೆ ಅದು ಬೇರೆಯವರ ಅಂಗಿಯಂತೆ ಕಾಣುತ್ತದೆ. ಸಾಧಾರಣ ಬಟ್ಟೆ ಅಳತೆಗೆ ಸರಿಯಾಗಿ ಕೂತರೆ ಯಾರೂ ಅದರ ಬೆಲೆ ಕೇಳುವುದಿಲ್ಲ.

ಮೊದಲು ಕಾಲ. ಏಪ್ರಿಲ್-ಮೇ ಮದುವೆಯ ಹಂಗಾಮು. ಮೇ ಕೊನೆಯಿಂದ ಜೂನ್‌ವರೆಗೆ ಶಾಲೆಯ ಸಮವಸ್ತ್ರದ ರಾಶಿ. ಆಗಸ್ಟ್ ನಡುವಿನಿಂದ ಚೌತಿ, ಆಮೇಲೆ ದೀಪಾವಳಿ. ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ಮುಂಚಿನ ತಿಂಗಳೂ ಸೇರಿಸಿಕೊಳ್ಳಿ. ಈ ಕಾಲದಲ್ಲಿ ಕೊಟ್ಟ ಬಟ್ಟೆಗೆ ಟ್ರಯಲ್ ಇರುವುದಿಲ್ಲ, ಹೊಲಿದು ಕೊಟ್ಟದ್ದೇ ಪ್ರಸಾದ. ಟೇಲರ್ ಬಿಡುವಾಗಿ ಸಿಗುವುದು ಜುಲೈ. ಅಂಗಡಿಗಳಲ್ಲಿ ಆಷಾಢದ ರಿಯಾಯಿತಿಯೂ ಸುಮಾರಾಗಿ ಆಗಲೇ. ಮಳೆಗೆ ಯಾರೂ ಹೊರಬೀಳದ ಹೊತ್ತಿನಲ್ಲಿ ನೀವು ಹೋಗಿ.

ಬಟ್ಟೆಯ ಅಳತೆ: 58 ಇಂಚಿನ ಪನ್ನಾದಲ್ಲಿ, ಅಂದರೆ ಬಟ್ಟೆಯ ಅಗಲ ಅಷ್ಟಿದ್ದರೆ, ಪೂರ್ಣ ತೋಳಿನ ಅಂಗಿಗೆ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್. 36 ಇಂಚಿನ ಪನ್ನಾ ಆದರೆ ಅಂಗಿಗೆ ಎರಡೂಕಾಲು ಮೀಟರಿಗೆ ಕಡಿಮೆಯಾಗದು. ಚೌಕಳಿ, ಗೀಟು ಇದ್ದರೆ ಗೆರೆ ಜೋಡಿಸಲು ಹತ್ತು-ಹದಿನೈದು ಸೆಂಟಿಮೀಟರ್ ಹೆಚ್ಚು ತೆಗೆದುಕೊಳ್ಳಿ. ಜೇಬಿನ ಗೀಟು ಎದೆಯ ಗೀಟಿಗೆ ಕೂಡದ ಅಂಗಿ ಎಷ್ಟು ದುಬಾರಿಯಾದರೂ ಅಗ್ಗದ್ದೇ.

ಕಾಟನ್ ಆದರೆ ಹೊಲಿಗೆಗೆ ಕೊಡುವ ಮೊದಲು ನೆನೆಸಿ. ಬರೀ ನೀರಿನಲ್ಲಿ ಮೂರ್ನಾಲ್ಕು ಗಂಟೆ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಹತ್ತಿ ಬಟ್ಟೆ ಶೇ 3ರಿಂದ 5 ಕುಗ್ಗುವುದು ಸಾಮಾನ್ಯ. 25 ಇಂಚಿನ ತೋಳು ಶೇ 4 ಕುಗ್ಗಿದರೆ ಒಂದು ಇಂಚು ಹೋಯಿತು. ಮಣಿಕಟ್ಟಿನ ಮೂಳೆಗೆ ನಿಂತಿದ್ದ ತೋಳು ಮೇಲೇರಿ ಕೂರುತ್ತದೆ. ಸೀರೆಯ ಫಾಲ್‌ಗೂ ಇದೇ ಮಾತು. ನೆನೆಸದ ಫಾಲ್ ಹಚ್ಚಿದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಅಂಚು ಸುಕ್ಕುಗಟ್ಟುತ್ತದೆ, ನೆರಿಗೆ ನೇರ ಬೀಳುವುದೇ ಇಲ್ಲ.

ಟೇಲರ್‌ಗೆ ಹೇಳಬೇಕಾದವು ಕೆಲವು ಇವೆ. ಅವರು ಕೇಳುವುದಿಲ್ಲ, ನಾವೇ ಹೇಳಬೇಕು. ಪ್ಯಾಂಟಿನ ಸೊಂಟದ ಹಿಂಭಾಗದಲ್ಲಿ ಒಳಗೆ ಒಂದೂವರೆ ಇಂಚು ಮಾರ್ಜಿನ್ ಬಿಡಲಿ. ಕಾಲಿನ ಮಡಿಕೆಯೊಳಗೆ ಎರಡು ಇಂಚು. ನಿಂತ ಕೆಲಸದಿಂದ ಕೂತ ಕೆಲಸಕ್ಕೆ ಬಂದವರ ಸೊಂಟ ಮೊದಲ ವರ್ಷದಲ್ಲೇ ಮಾತು ಕೇಳುವುದಿಲ್ಲ. ಮಾರ್ಜಿನ್ ಇದ್ದರೆ ಬಿಚ್ಚಿ ಹೊಲಿಯಬಹುದು, ಕತ್ತರಿಸಿ ಎಸೆದಿದ್ದರೆ ಹೊಸ ಪ್ಯಾಂಟೇ ಗತಿ. ರವಿಕೆಗೂ ಎರಡೂ ಪಕ್ಕಕ್ಕೆ ಒಂದೂವರೆ ಇಂಚು ಬಿಡಿಸಿಕೊಳ್ಳಿ.

ಕಾಲರಿನ ಒಳಗೆ ಹಾಕುವ ಕ್ಯಾನ್ವಾಸನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಾವಿಗೆ ಅಂಟಿಕೊಳ್ಳುವ ಬಗೆಯದಾದರೆ ಅದರ ಒಂದು ಮೈಯಲ್ಲಿ ಮರಳಿನಂತೆ ಹೊಳೆಯುವ ಅಂಟಿನ ಚುಕ್ಕೆಗಳಿರುತ್ತವೆ. ಆ ಅಂಟು ಸರಿಯಾಗಿ ಹಿಡಿಯಬೇಕಾದರೆ ಸಾಕಷ್ಟು ಕಾವು, ಒತ್ತಡ, ಕೆಲವು ಸೆಕೆಂಡುಗಳ ತಾಳ್ಮೆ ಮೂರೂ ಬೇಕು. ಅವಸರದಲ್ಲಿ ಒಮ್ಮೆ ಎಳೆದುಬಿಟ್ಟರೆ ನಾಲ್ಕಾರು ಒಗೆತಕ್ಕೆ ಕಾಲರಿನ ಮೇಲೆ ಹಪ್ಪಳದ ಗುಳ್ಳೆಯಂತೆ ಉಬ್ಬು ಏಳುತ್ತದೆ. ಕಾರಣ ಸರಳ: ಮೇಲಿನ ಬಟ್ಟೆ ಒಂದು ಪ್ರಮಾಣದಲ್ಲಿ ಕುಗ್ಗಿತು, ಒಳಗಿನ ಕ್ಯಾನ್ವಾಸ್ ಇನ್ನೊಂದು ಪ್ರಮಾಣದಲ್ಲಿ, ನಡುವಿನ ಅಂಟು ಬಿಟ್ಟಿತು. ಸಿದ್ಧ ಅಂಗಿಯಲ್ಲೂ ಇದೇ ಕಥೆ. ಕೊಳ್ಳುವ ಮೊದಲು ಕಾಲರಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ. ಎರಡು ಪದರ ಬೇರೆಬೇರೆಯಾಗಿ ಜಾರಿದಂತೆ ಅನ್ನಿಸಿದರೆ ಅದು ಅಂಟಿಸದೆ ಬರೀ ಹೊಲಿದ ಕ್ಯಾನ್ವಾಸ್, ಗುಳ್ಳೆ ಏಳುವುದಿಲ್ಲ. ಗಟ್ಟಿ ರಟ್ಟಿನಂತೆ ಇದ್ದರೆ ಅಂಟಿನದು. ಅದನ್ನು ಬಿಸಿನೀರಿನಿಂದಲೂ ಡ್ರೈಯರಿನಿಂದಲೂ ದೂರ ಇಡಿ.

ಟ್ರಯಲ್‌ನಲ್ಲಿ ನೋಡಬೇಕಾದದ್ದು: ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಕೂರಬೇಕು. ಕಾಲರಿನ ಗುಂಡಿ ಹಾಕಿದಾಗ ಎರಡು ಬೆರಳು ಹೋಗಬೇಕು. ಕೈ ಮೇಲೆತ್ತಿದರೆ ಅಂಗಿ ಪ್ಯಾಂಟಿನಿಂದ ಪೂರಾ ಹೊರಬರಬಾರದು. ಪ್ಯಾಂಟಿಗೆ ಇನ್ನೊಂದು ಪರೀಕ್ಷೆ ನಮ್ಮ ಕಡೆಯದು: ಅಂಗಡಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ವಿಮೆ, ಸಹಕಾರಿ ಬ್ಯಾಂಕು, ಅಡಿಕೆ ವ್ಯಾಪಾರ, ಹೋಂಸ್ಟೇ, ಯಾವುದಕ್ಕೆ ಹೋದರೂ ಜಗುಲಿಯ ಚಾಪೆಯ ಮೇಲೆ ಕೂರುವುದು, ಪಂಕ್ತಿಯಲ್ಲಿ ಊಟಕ್ಕೆ ಕೂರುವುದು ತಪ್ಪದು. ತೊಡೆ ಬಿಗಿಯಾದ ಈಗಿನ ಪ್ಯಾಂಟು ಹಾಕಿಕೊಂಡು ಹೋದವರು ಗೋಡೆಗೆ ಒರಗಿ ನಿಂತೇ ಮಾತಾಡಬೇಕಾಗುತ್ತದೆ. ಮಳೆಗಾಲದ ಪ್ಯಾಂಟಿನ ಉದ್ದ ಅರ್ಧ ಇಂಚು ಕಡಿಮೆ ಇರಲಿ, ಹಿಮ್ಮಡಿಯ ಕೆಳಗೆ ಹೋದ ಅಂಚು ಕೆಸರು ಹೀರುತ್ತದೆ.

ಹೆಣ್ಣುಮಕ್ಕಳ ಲೆಕ್ಕ ಇದಕ್ಕಿಂತ ಸ್ವಲ್ಪ ಸುಲಭ, ಸ್ವಲ್ಪ ಕಷ್ಟ. ಸುಲಭ ಯಾಕೆಂದರೆ ಶಿಕ್ಷಕಿಯರಾಗಿದ್ದವರ ಕಪಾಟಿನಲ್ಲಿ ಒಳ್ಳೆಯ ಕಾಟನ್ ಸೀರೆಗಳು ಆಗಲೇ ಇರುತ್ತವೆ. ಹೊಸದು ಬೇಕಿಲ್ಲ, ರವಿಕೆ ಬೇಕು. ಕಪ್ಪು, ಕೆನೆ, ಮರೂನ್ ಈ ಮೂರು ಬಣ್ಣದ ಚೆನ್ನಾಗಿ ಕೂರುವ ರವಿಕೆ ಇದ್ದರೆ ಎಂಟು-ಹತ್ತು ಸೀರೆ ನಡೆಯುತ್ತವೆ. ಇಳಕಲ್ ಸೀರೆ ಇಂಥ ಹೊತ್ತಿಗೆ ಹೇಳಿ ಮಾಡಿಸಿದ್ದು. ಒಡಲು ಸರಳ, ಅಂಚು ಮಾತಾಡುತ್ತದೆ. ಸಂದರ್ಶನಕ್ಕೆ ಹೊಸ ಸೀರೆ ಉಡಬೇಡಿ, ಎರಡು ಸಲ ಒಗೆದದ್ದು ಉಡಿ. ಮೈಗೆ ಒಗ್ಗಿರುತ್ತದೆ, ಜಾರದು. ಕಷ್ಟ ಯಾವುದೆಂದರೆ ಗಂಜಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಮಳೆಗಾಲದಲ್ಲಿ ಬೂಷ್ಟಿಗೂ ಬೆಳ್ಳಿಹುಳುವಿಗೂ ಬಡಿಸಿಟ್ಟ ಎಲೆ. ಜೂನ್ ಮೊದಲ ವಾರದೊಳಗೆ ಗಂಜಿಯೆಲ್ಲ ಒಗೆದು ತೆಗೆದು ಎತ್ತಿಡಿ. ಉಡುವ ಹಿಂದಿನ ದಿನ ಬೇಕಾದರೆ ತೆಳ್ಳಗೆ ಹಾಕಿಕೊಳ್ಳಿ.

ಮತ್ತೆ ಪಿನ್ನು. ಸೀರೆಗೆ ಚುಚ್ಚಿದ ಸೇಫ್ಟಿ ಪಿನ್ ಹಾಗೇ ಬಿಟ್ಟು ಮಡಚಿಟ್ಟರೆ ನಮ್ಮ ಹವೆಯಲ್ಲಿ ನಾಲ್ಕು ದಿನ ಸಾಕು, ತುಕ್ಕಿನ ಚುಕ್ಕೆ. ರೇಷ್ಮೆಯ ಮೇಲೆ ಬಿದ್ದರೆ ತೆಗೆಯಲು ಹೋದಾಗ ಎಳೆಯೇ ಹೋಗುತ್ತದೆ. ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪಿನ್ ಕೇಳಿ ತನ್ನಿ. ಕಬ್ಬಿಣದ ತಂತಿಯ ಹ್ಯಾಂಗರ್ ಕೂಡ ಇದೇ ಜಾತಿಯದು, ಲಾಂಡ್ರಿಯವರು ಕೊಟ್ಟದ್ದನ್ನು ಅವರಿಗೇ ವಾಪಸ್ ಕೊಡಿ.

ಸಲ್ವಾರ್-ಕುರ್ತಾ ಕಡೆಯವರಿಗೆ ಐದು ಕುರ್ತಾ, ಕಪ್ಪು ಮತ್ತು ಕೆನೆಬಣ್ಣದ ಎರಡು ನೇರ ಪ್ಯಾಂಟು, ಎರಡು ದುಪಟ್ಟಾ. ಕುರ್ತಾದ ಅಸ್ತರು ಕಾಟನ್ ಇದ್ದರೆ ಬೇಸಿಗೆಯಲ್ಲಿ ಸುಖ, ಮಳೆಗಾಲದಲ್ಲಿ ಅದೊಂದೇ ಎರಡು ದಿನ ಒಣಗುವುದಿಲ್ಲ. ಮಳೆಗೆಂದು ಇಡುವ ಎರಡು ಕುರ್ತಾಗಳನ್ನು ಅಸ್ತರು ಬೇಡದ ದಪ್ಪ ಬಟ್ಟೆಯಲ್ಲೇ ಹೊಲಿಸಿ.

ಬ್ಲೇಝರ್ ಬೇಕೇ? ಕಾರವಾರ, ಕುಮಟಾ, ಶಿರಸಿಯೊಳಗೇ ಇರುವ ಕೆಲಸಕ್ಕೆ ಬೇಡ. ಹುಬ್ಬಳ್ಳಿ, ಗೋವೆ, ಬೆಂಗಳೂರಿನ ಸಂದರ್ಶನಕ್ಕೆ ಒಂದು ಬೇಕಾಗಬಹುದು. ನೇವಿ ನೀಲಿ, ಅರ್ಧ ಅಸ್ತರಿನದು. ಅಸ್ತರು ಪಾಲಿಯೆಸ್ಟರ್ ಆಗಿದ್ದರೆ ಮೈಬೆವರಿಗೆ ದಾರಿಯಿಲ್ಲ, ವಿಸ್ಕೋಸ್ ಆಗಿದ್ದರೆ ತುಸು ಉಸಿರಾಡುತ್ತದೆ. ಕೊಳ್ಳುವಾಗ ಭುಜ ಮಾತ್ರ ನೋಡಿ. ತೋಳಿನ ಉದ್ದ, ಸೊಂಟದ ಸಡಿಲ, ಇವೆಲ್ಲ ಊರಿನ ಟೇಲರ್ ಸರಿಮಾಡುತ್ತಾರೆ. ಭುಜ ಬಿಚ್ಚಿ ಕೂರಿಸುವುದು ಹೊಸ ಕೋಟು ಹೊಲಿದಷ್ಟೇ ಕೆಲಸ, ಸಾಮಾನ್ಯವಾಗಿ ಕೆಡುತ್ತದೆ. ಹಿಂದಿನ ಸೀಳಿಗೆ ಹಾಕಿರುವ ಅಡ್ಡದಾರ ಅಂಗಡಿಯವರು ಬಟ್ಟೆ ಕೆಡದಿರಲೆಂದು ಹಾಕಿದ್ದು, ಮೊದಲೇ ಕತ್ತರಿಸಿ ತೆಗೆಯಿರಿ. ಆ ದಾರ ಇಟ್ಟುಕೊಂಡೇ ಸಂದರ್ಶನಕ್ಕೆ ಹೋಗುವವರನ್ನು ಪ್ರತಿ ವರ್ಷ ನೋಡಬಹುದು. ಇನ್ನು ರೈನ್‌ಕೋಟಿನ ಒಳಗೆ ಬ್ಲೇಝರ್ ಹಾಕಿ ಬೈಕ್ ಓಡಿಸಿದರೆ ಮಳೆ ತಾಗದಿದ್ದರೂ ಬೆವರಿಗೇ ಅದು ಒದ್ದೆಮುದ್ದೆ.

ಕಾರವಾರದಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಹೋಗಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ನೇರ ಸಂದರ್ಶನಕ್ಕೆ ಹೋಗುವವರು ಅಂಗಿ ತೊಟ್ಟು ಮಲಗಬೇಡಿ. ಅಂಗಿಯ ಮೇಲಿನ, ನಡುವಿನ, ಕೆಳಗಿನ ಗುಂಡಿ ಹಾಕಿ. ಮಗುಚಿ, ಬೆನ್ನಿನ ಮೇಲೆ ತೆಳು ಪ್ಲಾಸ್ಟಿಕ್ ಕವರು ಹಾಸಿ ಅದರೊಂದಿಗೇ ಮಡಚಿ. ಬಟ್ಟೆಯ ಮೇಲೆ ಬಟ್ಟೆ ಉಜ್ಜಿಕೊಳ್ಳದೆ ಜಾರುವುದರಿಂದ ಗೆರೆ ಕೂರುವುದಿಲ್ಲ. ಸಾಕ್ಸನ್ನು ಸುರುಳಿ ಸುತ್ತಿ ಕಾಲರಿನ ಒಳಗಿಟ್ಟರೆ ಕಾಲರು ಜಜ್ಜಿಹೋಗದು. ಅಷ್ಟಾದರೂ ಸುಕ್ಕು ಬಿದ್ದರೆ ಸ್ನಾನದ ಕೋಣೆಯಲ್ಲಿ ಬಿಸಿನೀರು ಬಿಟ್ಟು ಕಾಲು ಗಂಟೆ ತೂಗುಹಾಕಿ.

ದುಡ್ಡು ಹೇಗೆ ಹಂಚುವುದು? ಎಲ್ಲವನ್ನೂ ಒಂದೇ ದಿನ ಕೊಳ್ಳಬೇಡಿ, ಇದೊಂದು ಮಾತು ಕಡ್ಡಾಯ. ಕೆಲಸ ಸಿಗುವ ಮೊದಲು ಎರಡು ಅಂಗಿ, ಒಂದು ಪ್ಯಾಂಟು, ಒಂದು ಜೊತೆ ಶೂ. ಅಷ್ಟೇ. ಸೇರಿದ ಮೇಲೆ ಎರಡು ವಾರ ಸುಮ್ಮನೆ ನೋಡಿ. ನಿಮ್ಮ ಮೇಲಿನವರು ಸೋಮವಾರ ಏನು ಹಾಕುತ್ತಾರೆ ಎಂದಲ್ಲ, ಗಿರಾಕಿ ಬಂದ ದಿನ ಏನು ಹಾಕುತ್ತಾರೆ ಎಂದು. ತೋಳು ಮಡಚುತ್ತಾರೋ? ಚಪ್ಪಲಿ ಬಾಗಿಲಲ್ಲಿ ಬಿಡುತ್ತಾರೋ? ನಮ್ಮ ಕಡೆ ಎಷ್ಟೋ ಸೊಸೈಟಿ ಕಚೇರಿಗಳಲ್ಲಿ ಪಾದರಕ್ಷೆ ಹೊರಗೇ. ಅಲ್ಲಿ ದಿನಕ್ಕೆ ನಾಲ್ಕು ಸಲ ಲೇಸು ಬಿಚ್ಚಿ ಕಟ್ಟುವವರು ಬೇಗ ಸೋತುಹೋಗುತ್ತಾರೆ. ಲೇಸಿಲ್ಲದ ಲೋಫರ್ ಸಾಕು, ಆದರೆ ಸಾಕ್ಸಿನಲ್ಲಿ ತೂತು ಇರಬಾರದು. ಎಂಟು ಜೊತೆ ಒಂದೇ ಬಣ್ಣದ ಸಾಕ್ಸ್ ತಂದರೆ ಒಂದು ಹರಿದರೂ ಇನ್ನೊಂದರ ಜೊತೆ ಕೂಡುತ್ತದೆ. ಉಳಿದ ಅಂಗಿ-ಪ್ಯಾಂಟು ಮೊದಲ ಸಂಬಳದಲ್ಲಿ. ಬ್ಲೇಝರು, ಎರಡನೆಯ ಶೂ ಮೂರು ತಿಂಗಳು ಕಳೆದ ಮೇಲೆ, ಕೆಲಸ ನಿಮಗೂ ನೀವು ಕೆಲಸಕ್ಕೂ ಒಗ್ಗಿದ್ದು ಖಾತ್ರಿಯಾದಾಗ.

ತೋಟ, ಗದ್ದೆ ಇರುವವರಿಗೆ ಒಂದು ಎಚ್ಚರಿಕೆ. ಬೆಳಗ್ಗೆ ತೋಟಕ್ಕೆ ಇಣುಕಿ ಹಾಗೇ ಕಚೇರಿಗೆ ಹೊರಡಬೇಡಿ. ಅಡಿಕೆಯ ಚೊಗರು, ಗೇರಿನ ಸೊನೆ ತಾಗಿದರೆ ಬಟ್ಟೆಯ ಆಯುಷ್ಯ ಅಲ್ಲಿಗೆ ಮುಗಿಯಿತು. ಚೊಗರು ಬಟ್ಟೆಗೆ ಬಣ್ಣವೇ ಆಗಿಬಿಡುತ್ತದೆ, ಕಬ್ಬಿಣದಂಶದ ನೀರು ತಾಗಿದರೆ ಕಪ್ಪಾಗುತ್ತದೆ. ಕೆಂಪುಮಣ್ಣಿನ ಕೆಸರು ಹಾರಿದರೆ ಮಾತ್ರ ಗಾಬರಿ ಬೇಡ. ಒದ್ದೆಯಿರುವಾಗ ಉಜ್ಜಬೇಡಿ, ಉಜ್ಜಿದಷ್ಟೂ ಎಳೆಯೊಳಗೆ ಇಳಿಯುತ್ತದೆ. ಪೂರಾ ಒಣಗಲಿ, ಬ್ರಷ್ಷಿನಿಂದ ಉದುರಿಸಿ, ಉಳಿದದ್ದಕ್ಕೆ ಸಾಬೂನು.

ಇನ್ನು ಕೇಳಿದ ಪ್ರಶ್ನೆಗಳು.

‘ಕಪಾಟಿನಲ್ಲಿ ಡಾಂಬರು ಗುಳಿಗೆ ಇಟ್ಟರೂ ಬೂಷ್ಟು ಬರುತ್ತದಲ್ಲ?’ ಬರುತ್ತದೆ. ಡಾಂಬರು ಗುಳಿಗೆ ಹುಳುವಿಗೆ, ಬೂಷ್ಟಿಗಲ್ಲ. ಗಾಳಿಯ ತೇವಾಂಶ ಶೇ 70 ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ, ನಮ್ಮ ಜುಲೈ ತಿಂಗಳು ಅದನ್ನು ಎಂದೋ ದಾಟಿರುತ್ತದೆ. ಕಪಾಟನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಮೂರ್ನಾಲ್ಕು ಇಂಚು ಬಿಡಿ. ಬಟ್ಟೆ ಒತ್ತೊತ್ತಾಗಿ ತುರುಕಬೇಡಿ. ಸಿಲಿಕಾ ಜೆಲ್ ಇಡುವುದಾದರೆ ನೀಲಿಬಣ್ಣದ್ದು ತನ್ನಿ. ನೀರು ಕುಡಿದು ತುಂಬಿದಾಗ ಗುಲಾಬಿಯಾಗುತ್ತದೆ, ಆಗ 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಕಾಯಿಸಬೇಡಿ. ಗುಲಾಬಿಯಾದದ್ದನ್ನು ಹಾಗೇ ಬಿಟ್ಟರೆ ಇಟ್ಟದ್ದೂ ಒಂದೇ ಬಿಟ್ಟದ್ದೂ ಒಂದೇ. ಮಳೆ ಹೊಳವಾದ ದಿನ ಎರಡು ಗಂಟೆ ಕಪಾಟಿನ ಬಾಗಿಲು ತೆಗೆದು ಫ್ಯಾನು ಹಾಕಿ.

‘ಟೈ ಕಟ್ಟಬೇಕೇ?’ ನೇವಿ ಬಣ್ಣದ್ದು ಒಂದು ಇರಲಿ. ತುದಿ ಬೆಲ್ಟಿನ ಬಕಲ್ಲಿಗೆ ತಾಗಬೇಕು, ಅದಕ್ಕಿಂತ ಮೇಲೂ ಅಲ್ಲ, ಕೆಳಗೂ ಅಲ್ಲ. ಕಟ್ಟುವ ದಿನ ವರ್ಷಕ್ಕೆ ಎರಡೋ ಮೂರೋ.

‘ಚರ್ಮದ ಶೂ ಮಳೆಗೆ ನೆನೆದರೆ?’ ಒಳಗೆ ಪೇಪರು ಉಂಡೆ ಮಾಡಿ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ, ನೆರಳಿನಲ್ಲಿ ಎರಡು ದಿನ ಬಿಡಿ. ಒಲೆಯ ಹತ್ತಿರ, ಬಿಸಿಲಲ್ಲಿ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಬೂಷ್ಟು ಬಂದಿದ್ದರೆ ಮನೆಯೊಳಗೆ ಕೊಡವಬೇಡಿ, ಅಂಗಳದಲ್ಲಿ ಒಣಬಟ್ಟೆಯಿಂದ ಒರೆಸಿ, ವಿನೆಗರು-ನೀರು ಸಮಪಾಲು ಬೆರೆಸಿ ಒರೆಸಿ, ಒಣಗಿದ ಮೇಲೆ ಮೇಣದ ಪಾಲಿಶ್. ಸಾಧ್ಯವಾದರೆ ಮಳೆ ಚಪ್ಪಲಿಯಲ್ಲಿ ಹೋಗಿ, ಶೂ ಚೀಲದಲ್ಲಿರಲಿ. ನಾಲ್ಕು ತಿಂಗಳು ಹೀಗೆ ಮಾಡಿದರೆ ಯಾರೂ ನಗುವುದಿಲ್ಲ, ಎಲ್ಲರೂ ಅದನ್ನೇ ಮಾಡುತ್ತಾರೆ.

‘ಮದುವೆಗೆ ಕೊಂಡ ಒಳ್ಳೆಯ ಶೂ ಡಬ್ಬಿಯಲ್ಲೇ ಇದೆ, ನಾಲ್ಕು ಸಲವೂ ಹಾಕಿಲ್ಲ. ಸಂದರ್ಶನಕ್ಕೆ ಅದನ್ನೇ ಹಾಕಬಹುದಲ್ಲ?’ ಈ ಪ್ರಶ್ನೆ ಕೇಳಿದವರಿಗೆ ಧನ್ಯವಾದ. ಆ ಶೂವಿನ ಸೋಲ್ ಪಿಯು, ಅಂದರೆ ಪಾಲಿಯುರೆಥೇನ್ ಆಗಿದ್ದರೆ, ಗಾಳಿಯ ತೇವ ಅದನ್ನು ಒಳಗಿನಿಂದಲೇ ಒಡೆಯುತ್ತದೆ. ಹಾಕದೆ ಇಟ್ಟರೆ ಉಳಿಯುತ್ತದೆ ಎಂಬುದು ಈ ವಸ್ತುವಿಗೆ ಅನ್ವಯಿಸುವುದಿಲ್ಲ, ತೇವದ ಮೂಲೆಯ ಡಬ್ಬಿಯಲ್ಲಿ ಇಟ್ಟದ್ದು ಇನ್ನೂ ಬೇಗ ಹೋಗುತ್ತದೆ. ಹೊರಗಿಂದ ಹೊಸದರಂತೆ ಹೊಳೆಯುತ್ತದೆ. ನಾಲ್ಕೈದು ವರ್ಷದ ಮೇಲೆ ಹಾಕಿಕೊಂಡು ಅರ್ಧ ಕಿಲೋಮೀಟರ್ ನಡೆದರೆ ಸೋಲು ಒಣ ಬೆಲ್ಲದ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಅಂಟು ಹಾಕಿದರೂ ನಿಲ್ಲದು, ಯಾಕೆಂದರೆ ಅಂಟು ಹಿಡಿಯಬೇಕಾದ ವಸ್ತುವೇ ಅಲ್ಲಿಲ್ಲ. ಪಿಯು ಮೈಯ ಬೆಲ್ಟು, ಕೈಚೀಲ ಸಿಪ್ಪೆ ಏಳುವುದೂ ಇದೇ ಕಾರಣಕ್ಕೆ. ಹೊಸ ಶೂ ಕೊಳ್ಳುವಾಗ ರಬ್ಬರು ಅಥವಾ ಟಿಪಿಆರ್ (ಥರ್ಮೋಪ್ಲಾಸ್ಟಿಕ್ ರಬ್ಬರ್) ಸೋಲ್ ಕೇಳಿ. ಡಬ್ಬಿಯಲ್ಲಿರುವುದನ್ನು ಈ ರಾತ್ರಿಯೇ ತೆಗೆದು, ಹಿಮ್ಮಡಿಯ ಅಂಚಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಪುಟಿದು ಬಂದರೆ ಪರವಾಗಿಲ್ಲ, ಮನೆಯಂಗಳದಲ್ಲಿ ಎರಡು ದಿನ ಹಾಕಿ ಓಡಾಡಿ ಆಮೇಲೆ ಹೊರಡಿ. ಉಗುರಿನ ಗುರುತು ಹಾಗೇ ನಿಂತರೆ, ಅಥವಾ ಅಂಟಂಟು ಅನ್ನಿಸಿದರೆ, ಅದನ್ನು ಹಾಕಿಕೊಂಡು ಬಸ್ ನಿಲ್ದಾಣ ದಾಟಬೇಡಿ.